ನಂಬರ್ ಕೊಟ್ಟವರು ಮೆಸೇಜ್ ಕೇಳಿದ್ದರಾ?

ಪ್ರಶ್ನೆ: ಮೈಸೂರಿನ ಶಿವರಾಂಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಅಪ್ಪನ ಕಾಲದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬಿಲ್ ಮಾಡುವಾಗ ಬರೆದುಕೊಂಡ ಸುಮಾರು 4,000 ಗ್ರಾಹಕರ ಫೋನ್ ನಂಬರ್ ಕಂಪ್ಯೂಟರಿನಲ್ಲಿದೆ. ಈ ಸಲ ಆಷಾಢ ಸೇಲ್‌ಗೆ ಅವರಿಗೆಲ್ಲ ಎಸ್ಸೆಮ್ಮೆಸ್ ಕಳಿಸೋಣ ಅಂತಿದ್ದೇನೆ. ಮೈಸೂರು, ಮಂಡ್ಯದ 50,000 ನಂಬರ್ ಕೊಡುತ್ತೇನೆ ಅಂತ ಒಬ್ಬರು ಬೇರೆ ಬೆನ್ನು ಹತ್ತಿದ್ದಾರೆ. ನನ್ನ ಹೆಂಡತಿ ಮಾತ್ರ, 'ಇಂಥ ಮೆಸೇಜ್ ಬಂದ್ರೆ ನಾನೇ ಓದಲ್ಲ, ಬೈಕೊಂಡು ಡಿಲೀಟ್ ಮಾಡ್ತೀನಿ' ಅನ್ನುತ್ತಾಳೆ. ಜಾಹೀರಾತಿನ ಮೆಸೇಜನ್ನು ಜನ ನಿಜವಾಗಿ ಹೇಗೆ ನೋಡುತ್ತಾರೆ? ಕಳಿಸಲೇ, ಬೇಡವೇ?

ಉತ್ತರ: 50,000 ನಂಬರಿನ ಮಾತನ್ನು ಮೊದಲು ಮುಗಿಸಿಬಿಡೋಣ. ತಗೊಳ್ಳಬೇಡಿ. ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ದುಡ್ಡು ಹೋಗುವುದಷ್ಟೇ ಅಲ್ಲ, ನಿಮ್ಮ ತಂದೆ ಕಟ್ಟಿದ ಹೆಸರೂ ಅದರ ಜೊತೆ ಹೋಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಹೆಂಡತಿ ಹೇಳಿದ್ದು ಸರಿ. ಆದರೆ ಅವರನ್ನು ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಅದೇ ಫೋನಿನಲ್ಲಿ ಬರುವ ಯಾವ ಮೆಸೇಜನ್ನು ಅವರು ಬಿಡದೆ ಓದುತ್ತಾರೆ? ಗ್ಯಾಸ್ ಸಿಲಿಂಡರ್ ಹೊರಟಿದೆ ಅನ್ನುವುದು. ಮಕ್ಕಳ ಸ್ಕೂಲಿಗೆ ನಾಳೆ ರಜೆ ಅನ್ನುವುದು. 'ನಿಮ್ಮ ಸೀರೆಗೆ ಕುಚ್ಚು ಹಾಕಿ ಆಗಿದೆ, ಬಂದು ತಗೊಂಡು ಹೋಗಿ' ಅನ್ನುವುದು. ಈ ಕೊನೆಯದು ನಿಮ್ಮಂಥ ಅಂಗಡಿಯಿಂದಲೇ ಹೋಗುವ ಮೆಸೇಜ್. ಅದನ್ನು ಓದಿ ಯಾರೂ ಬೈದಿದ್ದನ್ನು ನಾನು ಕಂಡಿಲ್ಲ. ಸಣ್ಣ ಅಂಗಡಿಗಳಿಗೆ ಜಾಹೀರಾತು ಬರೆದುಕೊಡುವ ಕೆಲಸದಲ್ಲಿ ಸುಮಾರು 20 ವರ್ಷ ಕಳೆದಿದ್ದೇನೆ. ನಾನು ಕಂಡ ಮಟ್ಟಿಗೆ ಜನರಿಗೆ ಮೆಸೇಜಿನ ಮೇಲೆ ಸಿಟ್ಟಿಲ್ಲ. 'ನನ್ನ ನಂಬರ್ ಇವರಿಗೆ ಯಾರು ಕೊಟ್ಟರು?' ಅನ್ನುವ ಪ್ರಶ್ನೆ ಎದ್ದಾಗ ಸಿಟ್ಟು ಬರುತ್ತದೆ. ಒಂದು ಕೆಲಸಕ್ಕೆ ಅಂತ ಕೊಟ್ಟ ನಂಬರು ಇನ್ನೊಂದು ಕೆಲಸಕ್ಕೆ ಬಳಕೆಯಾದಾಗ ಆಗುವ ನೋವು ಅದು.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಮೊಬೈಲ್ ಜಾಹೀರಾತಿನ ಬಗ್ಗೆ ಜನರ ಮನಸ್ಸು ಏನು ಅಂತ ತೈವಾನಿನಲ್ಲಿ ಒಂದು ಅಧ್ಯಯನ ನಡೆದಿತ್ತು. 2004ರಲ್ಲಿ ಪ್ರಕಟವಾದ ಅದನ್ನು ಈ ವಿಷಯ ಓದುವವರು ಇವತ್ತಿಗೂ ಮೊದಲು ತೆರೆದು ನೋಡುತ್ತಾರೆ. ತಾವೇ ಒಪ್ಪಿಗೆ ಕೊಟ್ಟಿದ್ದರೆ ಸರಿ, ಇಲ್ಲದಿದ್ದರೆ ಜನರಿಗೆ ಇಂಥ ಮೆಸೇಜು ಸಾಮಾನ್ಯವಾಗಿ ಹಿಡಿಸುವುದಿಲ್ಲ ಅಂತ ಅದರಲ್ಲಿ ಕಂಡುಬಂತು. ಮನಸ್ಸಿಗೆ ಹಿಡಿಸದಿದ್ದರೆ ಕೊಳ್ಳುವ ನಡವಳಿಕೆಯ ಮೇಲೂ ಅದರ ಪರಿಣಾಮ ಆಗುತ್ತದೆ ಅಂತಲೂ ಗೊತ್ತಾಯಿತು. ಮೆಸೇಜು ಓದಲು ಹಿತವಾಗಿದೆಯಾ, ಉಪಯೋಗದ ಸುದ್ದಿ ಇದೆಯಾ, ನಂಬಬಹುದಾ, ಕಿರಿಕಿರಿ ಎಷ್ಟು, ಈ ನಾಲ್ಕನ್ನು ಅವರು ಅಳೆದಿದ್ದರು. ನಮ್ಮೂರಿನ ಫೋನುಗಳಲ್ಲಿ ಈ ನಾಲ್ಕರಲ್ಲಿ ನಂಬಿಕೆಯದೇ ಜಾಸ್ತಿ ತೂಕ ಅಂತ ನನ್ನ ಅಭಿಪ್ರಾಯ.

ಅದಕ್ಕೆ ಕಾರಣ ಇದೆ. ಈಗ ಮಾತುಕತೆಯೆಲ್ಲ ವಾಟ್ಸಾಪಿನಲ್ಲಿ. ಎಸ್ಸೆಮ್ಮೆಸ್ ಪೆಟ್ಟಿಗೆಯಲ್ಲಿ ಉಳಿದಿರುವುದು ಒಟಿಪಿ, ಬ್ಯಾಂಕಿನ ಲೆಕ್ಕ, ಕರೆಂಟ್ ಬಿಲ್ಲು, ಸರ್ಕಾರದ ಸೂಚನೆ. ಮನೆಯ ಬೀರುವಿನ ಹಾಗೆ ಅದು. ಮುಖ್ಯವಾದ ಕಾಗದ ಇಡುವ ಜಾಗ. ಅಲ್ಲಿಗೇ ಬಂದು ಸೈಟ್ ಮಾರುವವರು, ಸಾಲ ಕೊಡುವವರು, ರಮ್ಮಿ ಆಡಿಸುವವರು ತಮ್ಮ ಚೀಟಿ ತುರುಕುತ್ತಾರೆ. ಮೋಸಗಾರರೂ ಅಲ್ಲೇ ಬರುತ್ತಾರೆ. 'ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಫೋನ್ ಮಾಡಿ' ಅನ್ನುವ ಸುಳ್ಳು ಮೆಸೇಜ್ ಎಷ್ಟು ಜನರ ಎದೆ ನಡುಗಿಸಿತು ಅಲ್ವಾ? ಅದೇ ಸಾಲಿನಲ್ಲಿ ನಿಮ್ಮ ಆಷಾಢ ಸೇಲಿನ ಮೆಸೇಜೂ ಹೋಗಿ ನಿಲ್ಲಬೇಕು.

ನಮ್ಮ ಮಾವನ ಕಥೆ ಹೇಳಲೇಬೇಕು. ನನ್ನ ತಾಯಿಯ ಅಣ್ಣ, ಪಾಂಡವಪುರದ ಕಡೆ ಹಳ್ಳಿಯವರು, ಕಬ್ಬು ಬೆಳೆಯುತ್ತಾರೆ. ಒಂದು ದಿನ ಅವರ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬಂತು. ಅಭಿನಂದನೆ, ನಿಮಗೆ ಇಷ್ಟು ಲಕ್ಷದ ಪ್ರೀ-ಅಪ್ರೂವ್ಡ್ ಸಾಲ ಇದೆ ಅಂತ. ಪಕ್ಕದ ಮನೆ ಹುಡುಗ ಓದಿ, 'ಸಾಲ ಪಾಸಾಗದೆ ತಾತ' ಅಂದ. ಮಾವ ಮಾರನೆ ದಿನ ಬೆಳಿಗ್ಗೆ ಒಗೆದ ಪಂಚೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಪಾಸ್‌ಬುಕ್, ಪಹಣಿ, ಆಧಾರ್ ಜೆರಾಕ್ಸ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಸ್ ಹತ್ತಿ ಮಂಡ್ಯಕ್ಕೆ ಹೋದರು. ಅಲ್ಲಿ ಕೌಂಟರಿನಲ್ಲಿದ್ದವರು ಮೆಸೇಜ್ ನೋಡಿ, 'ಇದು ಜಾಹೀರಾತು, ಎಲ್ಲರಿಗೂ ಬರುತ್ತೆ' ಅಂದರಂತೆ. ಸಂಜೆ ನನಗೆ ಫೋನ್ ಮಾಡಿದರು. 'ಸಾಲ ಆಗದೆ ಅಂತ ಅವರೇ ಬರೆದವ್ರೆ ಕಣ್ಮಗ, ನಾನೇನು ಕೇಳಿರ್ನಿಲ್ಲ. ಅವರೇ ಇಲ್ಲ ಅಂತಾರೆ' ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಜನರ ಮುಂದೆ ಸಣ್ಣವನಾದೆ ಅನ್ನುವ ನಾಚಿಕೆ.

ಆ ದಿನದಿಂದ ಅವರು ಯಾವ ಮೆಸೇಜನ್ನೂ ತೆರೆಯುವುದಿಲ್ಲ. ಮುಂದಿನ ಸಲ ಹೋದಾಗ ಫೋನ್ ತೆಗೆದು ನೋಡಿದೆ. ನೂರಾರು ಮೆಸೇಜು ಹಾಗೇ ಬಿದ್ದಿತ್ತು. ಬೆಳೆ ವಿಮೆ ಬಗ್ಗೆ ಬಂದಿದ್ದ ಒಂದು ಮೆಸೇಜು ಎರಡು ಸೈಟ್ ಜಾಹೀರಾತಿನ ಮಧ್ಯೆ ಸಿಕ್ಕಿಕೊಂಡಿತ್ತು. ಮೆಸೇಜ್ ಕಳಿಸಿದವರಿಗೆ ಒಬ್ಬರಿಗೆ ಆದ ಖರ್ಚು ಕೆಲವೇ ಪೈಸೆ. ನಮ್ಮ ಮಾವನಿಗೆ ಆದ ಖರ್ಚು ಒಂದು ದಿನದ ಕೆಲಸ, ಬಸ್ಸಿನ ದುಡ್ಡು, ಮತ್ತೆ ಆ ನಾಚಿಕೆ. ನೀವು 'ಕಳಿಸು' ಅನ್ನುವ ಗುಂಡಿ ಒತ್ತುವ ಮುಂಚೆ ಅವರನ್ನೊಮ್ಮೆ ನೆನೆಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಈಗ ನಿಮ್ಮ ಬಿಲ್ ಕೌಂಟರಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು 'ಬಿಲ್ ಮಾಡುವಾಗ ಬರೆದುಕೊಂಡ' ಅನ್ನುವ ಮಾತು. ಬರೆದುಕೊಳ್ಳುವಾಗ ಏನು ಹೇಳಿ ಬರೆದುಕೊಂಡಿರಿ? ಹೋದ ದಸರಾಕ್ಕೆ ಮುಂಚೆ ಮೈಸೂರಿನ ಒಂದು ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಹೆಂಗಸು ಎರಡು ಟವೆಲ್ ಹಿಡಿದಿದ್ದರು. ಕೌಂಟರಿನ ಹುಡುಗ ತಲೆ ಎತ್ತದೆ, 'ಫೋನ್ ನಂಬರ್ ಹೇಳಿ ಮೇಡಂ' ಅಂದ. 'ಯಾತಕ್ಕಪ್ಪಾ?' 'ನಂಬರ್ ಹಾಕದಿದ್ರೆ ಬಿಲ್ ಆಗಲ್ಲ ಮೇಡಂ.' ಅವರು ಒಂದು ಕ್ಷಣ ಸುಮ್ಮನಿದ್ದು ಹತ್ತು ಅಂಕಿ ಹೇಳಿದರು. ಹೊರಗೆ ಬಂದ ಮೇಲೆ ಜೊತೆಗಿದ್ದ ಮಗಳು ಕೇಳಿದಳು, 'ಅಮ್ಮಾ, ಕೊನೆ ನಂಬರ್ ತಪ್ಪು ಹೇಳಿದ್ಯಲ್ಲ?' ಅವರು, 'ಬೇಕು ಅಂತಲೇ ಹೇಳಿದೆ' ಅಂದರು.

ಅಂಗಡಿಯವರ ಪಟ್ಟಿಗೆ ಆ ನಂಬರೂ ಸೇರಿತು. ಅದು ಯಾರದ್ದೋ ನಂಬರು. ಆ ಯಾರಿಗೋ ಗೊತ್ತಿಲ್ಲದ ಅಂಗಡಿಯಿಂದ ಮೆಸೇಜ್ ಹೋಗುತ್ತದೆ. ಅವರು ಬೈಯುತ್ತಾರೆ. ನಿಮ್ಮ 4,000ದಲ್ಲಿ ಇಂಥವು ಎಷ್ಟಿವೆಯೋ ನೋಡಬೇಕು.

ಬಿಲ್ಲಿಗೆ ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯ ಮಾಡುವ ಹಾಗಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನೇ ಅಂಗಡಿಗಳಿಗೆ ಸ್ಪಷ್ಟವಾಗಿ ತಿಳಿಸಿತು. ನಂಬರ್ ಕೊಡದಿದ್ದರೆ ಮಾರುವುದಿಲ್ಲ ಅನ್ನುವುದು ಅನುಚಿತ ವ್ಯಾಪಾರ ಅಂತ ಹೇಳಿತು. ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಾಹಿತಿಯನ್ನು ಯಾತಕ್ಕೆ ಪಡೆಯುತ್ತೀರಿ ಅಂತ ಹೇಳಿ ಒಪ್ಪಿಗೆ ಪಡೆಯುವುದರ ಮೇಲೆಯೇ ನಿಂತಿದೆ.

ಕಾನೂನಿನ ಮಾತು ಬಂದಿದ್ದರಿಂದ ಮೆಸೇಜ್ ಕಳಿಸುವ ನಿಯಮವನ್ನೂ ಹೇಳಿಬಿಡುತ್ತೇನೆ. ನಿಮ್ಮ ಅಂಗಡಿಯ ಸಾದಾ ಸಿಮ್ಮಿನಿಂದ, ಹತ್ತು ಅಂಕಿಯ ನಂಬರಿನಿಂದ, ಜಾಹೀರಾತು ಕಳಿಸಬಾರದು. ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಮೊದಲು ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ, ಅಂದರೆ ಇಂಥ ಮೆಸೇಜ್ ಕಳಿಸುವವರ ದಾಖಲೆ ಇಡುವ ವೆಬ್‌ಸೈಟಿನಲ್ಲಿ, ಅಂಗಡಿಯನ್ನು ನೋಂದಾಯಿಸಬೇಕು. ಕಳಿಸುವವರ ಹೆಸರಾಗಿ ಮೆಸೇಜಿನ ಮೇಲೆ ಕಾಣುವ ಹೆಡರಿಗೆ, ಕಳಿಸುವ ಮಾತಿನ ಮಾದರಿಯಾದ ಟೆಂಪ್ಲೇಟಿಗೆ ಒಪ್ಪಿಗೆ ಪಡೆಯಬೇಕು. ಟೆಂಪ್ಲೇಟಿಗೆ ಹೊಂದದ ಮೆಸೇಜು ಮುಂದಕ್ಕೇ ಹೋಗುವುದಿಲ್ಲ. 2021ರ ಮಾರ್ಚ್ 8ರಂದು ಈ ತಪಾಸಣೆ ಶುರು ಮಾಡಿದಾಗ ದೇಶದಲ್ಲೆಲ್ಲ ಬ್ಯಾಂಕಿನ ಒಟಿಪಿಗಳೇ ನಿಂತುಹೋಗಿ, ಒಂದು ವಾರ ಅದನ್ನು ತಡೆಹಿಡಿಯಬೇಕಾಯಿತು. ಈಗ ಅದು ಗಟ್ಟಿಯಾಗಿ ಜಾರಿಯಲ್ಲಿದೆ. ಮೆಸೇಜಿನಲ್ಲಿ ಲಿಂಕ್ ಹಾಕುವುದಾದರೆ ಅದನ್ನೂ ಮುಂಚೆಯೇ ನೋಂದಾಯಿಸಿರಬೇಕು.

2025ರ ಫೆಬ್ರವರಿಯ ತಿದ್ದುಪಡಿ ಇನ್ನೂ ಬಿಗಿಯಾಗಿದೆ. ನೋಂದಾಯಿಸದೆ ಕಳಿಸುವ ನಂಬರಿನ ಮೇಲೆ 10 ದಿನದಲ್ಲಿ 5 ದೂರು ಬಂದರೆ ಸಾಕು, ಕ್ರಮ ಶುರುವಾಗುತ್ತದೆ. ಮೊದಲ ತಪ್ಪಿಗೆ 15 ದಿನ ಹೊರಗೆ ಹೋಗುವ ಕರೆ, ಮೆಸೇಜು ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಕಂಪನಿಯ ಸಂಪರ್ಕವೂ ಕಟ್. ಅಪ್ಪನ ಕಾಲದಿಂದ ಗ್ರಾಹಕರ ಬಾಯಲ್ಲಿರುವ ಅಂಗಡಿಯ ನಂಬರು ಒಂದು ವರ್ಷ ಸತ್ತರೆ ಏನು ಗತಿ? 50,000 ನಂಬರ್ ಮಾರುವವರು ನಿಮಗೆ ಇದನ್ನು ಹೇಳಿರುವುದಿಲ್ಲ. ಆ 50,000 ಜನರಲ್ಲಿ ಬರೀ ಐದು ಜನ, ಇಂಥ ದೂರಿಗೆ ಅಂತಲೇ ಇರುವ 1909 ನಂಬರಿಗೆ ದೂರು ಕೊಟ್ಟರೆ ಮುಗಿಯಿತು. ಮೊದಲು ಮೂರು ದಿನದೊಳಗೆ ಕೊಡಬೇಕಿದ್ದ ದೂರನ್ನು ಈಗ ಏಳು ದಿನದೊಳಗೆ ಕೊಡಬಹುದು.

ಗ್ರಾಹಕರಾಗಿ ನೀವೂ ತಿಳಿದಿರಿ, ಮೆಸೇಜ್ ಯಾವ ಜಾತಿಯದು ಅಂತ ಈಗ ಹೆಡರ್ ನೋಡಿದರೇ ಗೊತ್ತಾಗುತ್ತದೆ. ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಅಂದರೆ ವಹಿವಾಟು, ಜಿ ಅಂದರೆ ಸರ್ಕಾರ. ಶುರುವಿನ ಎರಡು ಅಕ್ಷರದಲ್ಲಿ ಮೊದಲನೆಯದು ಟೆಲಿಕಾಂ ಕಂಪನಿ, ಎರಡನೆಯದು ವಲಯ. ನಮ್ಮ ಕರ್ನಾಟಕಕ್ಕೆ ಎಕ್ಸ್. ಇದನ್ನು ನಮ್ಮ ಮಾವನಿಗೆ ಕಲಿಸಿಕೊಟ್ಟಿದ್ದೇನೆ. ಕೊನೆಯಲ್ಲಿ ಪಿ ಇದ್ದರೆ ಬಸ್ ಹತ್ತಬೇಡಿ ಅಂತ ಹೇಳಿದ್ದೇನೆ. ಯಾವ ಜಾಹೀರಾತೂ ಬೇಡ ಅನ್ನುವವರು 1909ಕ್ಕೆ ಫೋನ್ ಮಾಡಿ ಡಿಎನ್‌ಡಿ, ಅಂದರೆ 'ತೊಂದರೆ ಕೊಡಬೇಡಿ' ಅನ್ನುವ ತಡೆ, ಹಾಕಿಸಬಹುದು. ಪೂರ್ತಿ ಬಂದ್ ಬೇಡ ಅಂದರೆ ಬ್ಯಾಂಕು, ಸೈಟು, ಶಿಕ್ಷಣ, ಆರೋಗ್ಯ ಹೀಗೆ ಬೇಕಾದ್ದನ್ನು ಮಾತ್ರ ಉಳಿಸಿಕೊಳ್ಳಬಹುದು.

ಕುಚ್ಚಿನ ಮೆಸೇಜಿಗೆ ಮತ್ತೆ ಬರುತ್ತೇನೆ. ಅದು ಎಸ್ ಜಾತಿಯದು, ಸೇವೆ. ಅದರ ಬಾಲಕ್ಕೆ 'ಜೊತೆಗೆ ಆಷಾಢ ಸೇಲ್ ನಡೀತಿದೆ ಬನ್ನಿ' ಅಂತ ಅಂಟಿಸುವ ಆಸೆ ಎಲ್ಲ ಅಂಗಡಿಯವರಿಗೂ ಬರುತ್ತದೆ. ಅಂಟಿಸಬೇಡಿ. ನಿಯಮದ ಪ್ರಕಾರ ಆಗ ಅದು ಪ್ರಚಾರದ ಮೆಸೇಜ್ ಆಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಜನ ಕಣ್ಣು ಮುಚ್ಚಿ ನಂಬುತ್ತಿದ್ದ ನಿಮ್ಮ ಒಂದೇ ಒಂದು ಮೆಸೇಜೂ ಕೆಟ್ಟುಹೋಗುತ್ತದೆ.

ಹಾಗಾದರೆ ಕಳಿಸಲೇಬಾರದಾ? ಕಳಿಸಿ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ವ್ಯಾಪಾರ ತಣ್ಣಗಿರುತ್ತದೆ. ರಿಯಾಯಿತಿ ಇದೆ ಅಂದರೆ ಮೈಸೂರಿನ ಹೆಂಗಸರು ಖಂಡಿತ ಬರುತ್ತಾರೆ. ಚಾಮುಂಡಿ ಬೆಟ್ಟಕ್ಕೆ ಆಷಾಢ ಶುಕ್ರವಾರ ಹೋಗಿ ಬಂದವರು ಹಾಗೇ ಪೇಟೆಗೆ ಒಂದು ಸುತ್ತು ಹಾಕುತ್ತಾರೆ. ಸುದ್ದಿ ಬೇಕಾದವರಿಗೆ ಸುದ್ದಿ ಮುಟ್ಟಿಸುವುದು ತಪ್ಪಲ್ಲ. ಬೇಕು ಅಂದವರು ಯಾರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ.

ಇವತ್ತಿನಿಂದಲೇ ಕೌಂಟರಿನ ಹುಡುಗರಿಗೆ ಒಂದು ಮಾತು ಹೇಳಿಕೊಡಿ. 'ನಂಬರ್ ಹೇಳಿ' ಬೇಡ. 'ಆಷಾಢಕ್ಕೆ, ದಸರಾಕ್ಕೆ, ಹೊಸ ಸ್ಟಾಕ್ ಬಂದಾಗ ಒಂದು ಮೆಸೇಜ್ ಹಾಕ್ತೀವಿ, ವರ್ಷಕ್ಕೆ ನಾಲ್ಕೈದು ಅಷ್ಟೇ. ಬೇಕಾ ಮೇಡಂ?' ಅಂತ ಮುಖ ನೋಡಿ ಕೇಳಲಿ. ಬೇಡ ಅಂದರೆ ನಕ್ಕು ಬಿಲ್ ಕೊಡಲಿ. ಕೇಳಿದ ರೀತಿಗೆ ಜನ ಎಷ್ಟು ಬೇಗ ಕರಗುತ್ತಾರೆ ಅಂತ ನೋಡಿ ನನಗೇ ಆಶ್ಚರ್ಯ ಆಗಿದೆ. ಬೇಡ ಅನ್ನುವ ಅವಕಾಶ ಇದೆ ಅಂತ ಗೊತ್ತಾದ ಕೂಡಲೇ ಬೇಕು ಅನ್ನುವವರು ಜಾಸ್ತಿಯಾಗುತ್ತಾರೆ. ಬಲವಂತ ಮಾಡಿದರೆ ಹಟ ಬರುವುದು ಮನುಷ್ಯನ ಸ್ವಭಾವ. ಎರಡು ಟವೆಲ್ ಕೊಂಡ ಆ ತಾಯಿ ತಪ್ಪು ನಂಬರ್ ಹೇಳಿದ್ದು ಅದಕ್ಕೇ.

ವರ್ಷಕ್ಕೆ ನಾಲ್ಕೈದು ಅಂದಿದ್ದರೆ ನಾಲ್ಕೈದೇ ಕಳಿಸಿ. 'ಇಂದೇ ಕೊನೆ' ಅಂತ ಬರೆದು ಮಾರನೆ ದಿನ ಮತ್ತೆ 'ಇಂದೇ ಕೊನೆ' ಅಂತ ಕಳಿಸುವ ಅಂಗಡಿಗಳಿವೆ. ನಿಮ್ಮ ಪೇಟೆಯ ಗ್ರಾಹಕರು ಅದನ್ನು ಮರೆಯುವುದಿಲ್ಲ. ಹೊತ್ತನ್ನೂ ನೋಡಿ. ಟ್ರಾಯ್‌ನ 2010ರ ನಿಯಮದಲ್ಲೇ ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಜಾಹೀರಾತು ಕೂಡದು ಎಂದಿತ್ತು. ನಾನು ಇನ್ನೂ ಸ್ವಲ್ಪ ಬಿಗಿ ಮಾಡುತ್ತೇನೆ. ಬೆಳಿಗ್ಗೆ ಡಬ್ಬಿ ಕಟ್ಟುವ ಹೊತ್ತು ಬೇಡ, ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾಗುವ ಹೊತ್ತು ಬೇಡ. ಹನ್ನೊಂದರ ಸುಮಾರಿಗೆ ಅಥವಾ ಸಂಜೆ ನಾಲ್ಕೂವರೆ ಕಾಫಿಯ ಹೊತ್ತಿಗೆ ಹೋಗಲಿ.

ಮತ್ತೆ, ದಯವಿಟ್ಟು ಕನ್ನಡದಲ್ಲಿ ಬರೆಯಿರಿ. ಇದಕ್ಕೆ ಸ್ವಲ್ಪ ಖರ್ಚಿದೆ, ಅದನ್ನೂ ಮುಚ್ಚಿಡುವುದಿಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಎಸ್ಸೆಮ್ಮೆಸ್ ಹೋಯಿತು, ಕ್ರಿಸ್‌ಮಸ್ ಶುಭಾಶಯ. ಅದಕ್ಕೂ ಮುಂಚೆಯೇ ಮಾಡಿಟ್ಟ ಅಳತೆ ಇವತ್ತಿಗೂ ನಡೆಯುತ್ತಿದೆ. ಒಂದು ಮೆಸೇಜಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ, ಕನ್ನಡದ್ದು 70 ಮಾತ್ರ. ಅದೂ ನಾವು ಎಣಿಸುವ ಹಾಗೆ ಅಲ್ಲ. ಗುಣಿತದ ಚಿಹ್ನೆ, ಒತ್ತು, ಅನುಸ್ವಾರ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ರೇಷ್ಮೆ ಸೀರೆ' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಫೋನಿನ ಲೆಕ್ಕದಲ್ಲಿ ನಡುವಿನ ಜಾಗವೂ ಸೇರಿ 11. ಎಪ್ಪತ್ತು ದಾಟಿದರೆ ಎರಡು ಮೆಸೇಜಿನ ದುಡ್ಡು. ಅದಕ್ಕೇ ಸುಮಾರು ಅಂಗಡಿಯವರು ಇಂಗ್ಲಿಷಿಗೆ, ಇಲ್ಲವೇ ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಹೋಗುತ್ತಾರೆ. ನಾನು ಒಪ್ಪುವುದಿಲ್ಲ. ಒಂದೇ ನೋಟಕ್ಕೆ ಅರ್ಥವಾಗುವ ಮೆಸೇಜಿಗೆ ಎರಡರ ದುಡ್ಡು ಕೊಟ್ಟರೂ ನಷ್ಟವಿಲ್ಲ. ನಂಜನಗೂಡು, ಕೆ.ಆರ್. ಪೇಟೆ, ನಾಗಮಂಗಲದಿಂದ ಮದುವೆ ಜವಳಿಗೆ ನಿಮ್ಮಲ್ಲಿಗೆ ಬರುವವರು ಓದಬೇಕಲ್ವಾ?

ಅಕ್ಷರ ಉಳಿಸಬೇಕಾದ್ದು ಅಲಂಕಾರದ ಮಾತಿನಲ್ಲಿ. 'ಭರ್ಜರಿ', 'ಬಂಪರ್', 'ಸುವರ್ಣಾವಕಾಶ' ಎಲ್ಲ ತೆಗೆಯಿರಿ. 'ಆಷಾಢ ಸೇಲ್ ನಾಳೆಯಿಂದ. ನೀವು ಕೇಳಿದ್ದ ಕಾಟನ್ ಸೀರೆ ಬಂದಿದೆ.' ಇಷ್ಟಕ್ಕೆ 51 ಆಯಿತು. ಕೇಳಿದ್ದು ಕಾಟನ್ನೋ, ಮೈಸೂರು ಸಿಲ್ಕೋ ಅನ್ನುವ ಜಾಗವನ್ನು ಟೆಂಪ್ಲೇಟಿನಲ್ಲಿ ಖಾಲಿ ಬಿಡಿಸಿಕೊಳ್ಳಬಹುದು. ಆಮೇಲೆ ಅಂಗಡಿ ಹೆಸರು, ಎಲ್ಲಿದೆ, ಬೇಡದವರು ಹೇಗೆ ನಿಲ್ಲಿಸಬಹುದು ಅನ್ನುವುದು. ಈ ಕೊನೆಯದು ಈಗ ಪ್ರಚಾರದ ಮೆಸೇಜಿನಲ್ಲಿ ಕಡ್ಡಾಯ. ನಿಲ್ಲಿಸಿ ಅಂದವರನ್ನು 90 ದಿನದವರೆಗೆ ಮತ್ತೆ ಒಪ್ಪಿಗೆ ಕೇಳುವ ಹಾಗೂ ಇಲ್ಲ.

ವಾಟ್ಸಾಪಿನಲ್ಲಿ ಕಳಿಸಿದರೆ ಇದೆಲ್ಲ ತಪ್ಪುತ್ತಾ ಅಂತ ನೀವು ಕೇಳಬಹುದು. ಫೋಟೊ ಕಳಿಸಬಹುದು, ಬಣ್ಣ ತೋರಿಸಬಹುದು, ಸೀರೆಗೆ ಅದು ಒಳ್ಳೆಯದೇ. ಆದರೆ ಅದು ಮನೆಯವರ, ನೆಂಟರ ಮಾತಿನ ಜಾಗ. ಕೇಳದೆ ಒಳಗೆ ಬಂದರೆ ಸಿಟ್ಟು ಇನ್ನೂ ಬೇಗ ಬರುತ್ತದೆ. ಒಂದು ಸಲ ಬ್ಲಾಕ್ ಮಾಡಿದರೆ ಆ ಬಾಗಿಲು ಮುಚ್ಚಿದ ಹಾಗೆ.

ಉಳಿದದ್ದು ನಿಮ್ಮ ಹಳೆಯ 4,000 ನಂಬರು. ಅದರಲ್ಲಿ ಹೋದ ಒಂದು ವರ್ಷದಲ್ಲಿ ಬಂದುಹೋದವರನ್ನು ಬೇರೆ ಮಾಡಿ. ಅವರಲ್ಲಿ ನಿಮ್ಮ ತಂದೆಯವರಿಗೆ, ನಿಮಗೆ ಮುಖಪರಿಚಯ ಇರುವವರು ಕೆಲವು ನೂರು ಜನ ಇದ್ದೇ ಇರುತ್ತಾರೆ. ಅವರು ಮುಂದಿನ ಸಲ ಅಂಗಡಿಗೆ ಬಂದಾಗ, ಬ್ಲೌಸ್ ಪೀಸ್‌ಗೆ ಬಂದರೂ ಸರಿ, ಎದುರಿಗೇ ಕೇಳಿ ಬರೆದುಕೊಳ್ಳಿ. ಈ ಆಷಾಢಕ್ಕೆ ಆ ಪಟ್ಟಿ 400 ಆದರೂ ಅಷ್ಟಕ್ಕೇ ಕಳಿಸಿ. ಮಿಕ್ಕ ನಂಬರುಗಳು ಬಿಲ್ಲಿನ ಲೆಕ್ಕಕ್ಕೆ ಇರಲಿ, ಮೆಸೇಜಿನ ಪಟ್ಟಿಯಿಂದ ತೆಗೆದುಬಿಡಿ. ನಾಲ್ಕು ಸಾವಿರ ಇದ್ದದ್ದು ನಾನೂರಕ್ಕೆ ಇಳಿದರೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆದರೆ ಆ ನಾನೂರು ಜನ ನಿಮ್ಮ ಅಂಗಡಿ ಹೆಸರು ಕಂಡ ಕೂಡಲೇ ಮೆಸೇಜ್ ತೆರೆಯುತ್ತಾರೆ.

ಟೆಂಪ್ಲೇಟಿಗೆ ಹಾಕುವ ಮುಂಚೆ ಮೆಸೇಜನ್ನು ನಿಮ್ಮ ಫೋನಿನಿಂದ ನಿಮ್ಮ ಹೆಂಡತಿಗೆ ಕಳಿಸಿ, ಪಕ್ಕದಲ್ಲಿ ಕೂತು ನೋಡಿ. ಅವರು ಓದುತ್ತಾ ಓದುತ್ತಾ ಎಲ್ಲಿ ನಿಲ್ಲಿಸಿ ಬೆರಳು ಸರಿಸುತ್ತಾರೋ ಅಲ್ಲಿಂದ ಮುಂದಿನ ಮಾತನ್ನು ಹೊಡೆದುಹಾಕಿ, ಮತ್ತೆ ಬರೆಯಿರಿ.